ಟೊಪ್ಪಿಗೆಯೊಳಗಿನ ಗಂಟು

ಹೈದರಾಬಾದಿನಲ್ಲಿ ಉಣ್ಣೆ ಟೊಪ್ಪಿಗೆ ಹಾಕುವಂಥ ಚಳಿ ಎಂದರೆ ಸಂಕ್ರಾಂತಿಯ ಆಚೀಚೆ ನಾಲ್ಕು ದಿನ. ಅಷ್ಟಕ್ಕೇ ನಮ್ಮ ಓಣಿಯ ಗಂಡಸರು ಮಂಕಿ ಟೋಪಿ ಏರಿಸಿಕೊಂಡು, ಹಿಮಾಲಯ ಹತ್ತಿ ಇಳಿದವರಂತೆ ಚಹಾದ ಅಂಗಡಿ ಮುಂದೆ ನಿಲ್ಲುತ್ತಾರೆ. ಸತ್ಯಭಾಮಾಳಿಗೆ ಮಾತ್ರ ಟೊಪ್ಪಿಗೆ ವರ್ಷವಿಡೀ ಬೇಕಿತ್ತು. ನಾಚಾರಂನ ಕಾರ್ಖಾನೆಗಳ ನಡುವಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವಳು ಹಸಿ ಬಟಾಣಿ, ಮೆಕ್ಕೆಜೋಳದ ಕಾಳು ಪ್ಯಾಕ್ ಮಾಡುತ್ತಿದ್ದಳು. ಹೊರಗೆ ಬಿಸಿಲಿಗೆ ಡಾಂಬರು ಕರಗುತ್ತಿದ್ದರೆ ಒಳಗೆ ಬಾಯಿಂದ ಹೊಗೆ ಬರುವಷ್ಟು ಥಂಡಿ. ದಪ್ಪ ಜಾಕೆಟ್ಟು, ಕೈಗವಸು ಕಂಪನಿಯವರು ಕೊಡುತ್ತಿದ್ದರು, ಟೊಪ್ಪಿಗೆ ಅವರವರದೇ. ಅವಳದು ಕೆಂಪು ಉಣ್ಣೆಯದು, ಕಿವಿ ಮುಚ್ಚಿ ಕತ್ತಿನವರೆಗೆ ಇಳಿಯುವಂಥದ್ದು.

ನಾನು ಅನುರಾಧಾ. ಅವರ ಮನೆಯ ಕೆಳಗಿನ ಮಳಿಗೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಬೋರ್ಡು ತೆಲುಗಿನಲ್ಲಿದೆ, ಗಿರಾಕಿಗಳೊಡನೆ ಮಾತು ಹಿಂದಿಯಲ್ಲಿ, ಸಿಟ್ಟು ಬಂದಾಗ ಮಾತ್ರ ವಿಜಯಪುರದ ಕನ್ನಡ. ಸಿಟ್ಟು ಆಗಾಗ ಬರುವುದರಿಂದ ಭಾಷೆ ಮರೆತಿಲ್ಲ. ಸತ್ಯಭಾಮಾಳ ಅತ್ತೆ ಪಾರ್ವತಿಬಾಯಿಯವರದು ಸಿಂದಗಿ ಕಡೆಯ ಹಳ್ಳಿ. ನಮ್ಮ ಕಡೆಯವರು ಎಂಬ ಸಲಿಗೆಯಲ್ಲಿ ಅವರ ಮನೆಗೆ ನಾನು ಹೊತ್ತುಗೊತ್ತಿಲ್ಲದೆ ಹತ್ತಿಹೋಗುತ್ತಿದ್ದೆ.

ನನ್ನ ಹತ್ತಿರ ಬರುವವರೆಲ್ಲ ಚಂದ ಕಾಣಬೇಕೆಂದು ಬರುತ್ತಾರೆ. ಸತ್ಯಭಾಮಾ ಬಂದದ್ದು ಹೆದರಿಕೊಂಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಕುರ್ಚಿಯ ತುದಿಗೆ ಕೂತು, ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದಳು: "ಅಕ್ಕಾ, ಇದನ್ನ ಹಾಕ್ಕೊಂಡ್ರ ಕೂದಲ ಗಂಟ ಬೀಳಾಕತ್ತಾವ್ರಿ. ಬೀಳದಂಗ ಏನರ ಹೇಳ್ರಿ. ಚಂದ ಕಾಣಲಿಲ್ಲಂದ್ರೂ ನಡೀತೈತಿ."

ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ತಲೆಸ್ನಾನ ಮಾಡಿದರೆ ಪೂರ್ತಿ ಒಣಗಿದ ಮೇಲೇ ಟೊಪ್ಪಿಗೆ ಹಾಕು. ಉಣ್ಣೆ ಕೂದಲನ್ನು ಜಗ್ಗುತ್ತದೆ, ಒಳಗೆ ಹಳೆಯ ರೇಷ್ಮೆ ಕುಪ್ಪಸದ ಬಟ್ಟೆ ಹೊಲಿದುಕೋ. ತುರುಬು ಬೇಡ, ಸಡಿಲವಾಗಿ ಒಂದು ಹೆರಳು ಸಾಕು. ಹೊರಗೆ ಬಂದು ಟೊಪ್ಪಿಗೆ ತೆಗೆದ ತಕ್ಷಣ ಬಾಚಬೇಡ, ತಲೆ ಬಗ್ಗಿಸಿ ಬೆರಳಲ್ಲಿ ಬುಡ ಸಡಿಲಿಸು, ಬೆವರು ಆರಲಿ. ಎಣ್ಣೆ ಮಾತ್ರ ರಜೆಯ ದಿನ. ಆ ಥಂಡಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂದಲಿಗೆ ಮೇಣ ಮೆತ್ತಿದ ಹಾಗಾಗುತ್ತದೆ. ಅವಳು ಎಲ್ಲವನ್ನೂ ಮಾಡಿದಳು, ಎಣ್ಣೆಯ ಮಾತೊಂದನ್ನು ಬಿಟ್ಟು. ಎಣ್ಣೆ ಹಚ್ಚದೆ ಅವಳಿಗೆ ಧೈರ್ಯವಿರಲಿಲ್ಲ. ದಿನಾ ಬೆಳಿಗ್ಗೆ ಅಂಗೈ ತುಂಬ ಎಣ್ಣೆ ತಿಕ್ಕಿ, ಬಾಚಿ, ಮತ್ತೆ ಬಾಚಿ, ಮಗಳು ಲಹರಿಯನ್ನೂ ಹಿಡಿದು ಕೂರಿಸಿ ಅವಳ ತಲೆಯನ್ನೂ ಬಾಚುತ್ತಿದ್ದಳು. ಆ ಹುಡುಗಿ ಅಳುತ್ತಲೇ ಶಾಲೆಗೆ ಹೋಗುತ್ತಿತ್ತು.

"ಏನ ಹುಚ್ಚ ಇದು?" ಎಂದು ಒಮ್ಮೆ ರೇಗಿದೆ. ಆಗ ಅವಳು ಬಾಗಿಲ ಕಡೆ ನೋಡಿಕೊಂಡು ಹೇಳಿದಳು.

ಪಾರ್ವತಿಬಾಯಿ ಅವಳಿಗೆ ಬರೀ ಗಂಡನ ತಾಯಿಯಲ್ಲ, ತಂದೆಯ ತಂಗಿಯೂ ಹೌದು. ಪಾರ್ವತಿಬಾಯಿಗೆ ನಿಂಗವ್ವ ಎಂಬ ಅಕ್ಕ ಇದ್ದಳಂತೆ. ಇನ್ನೂ ಮೈನೆರೆಯದ ಹುಡುಗಿಯ ಕೂದಲು ಸಿಕ್ಕಾಗಿ, ಬಿಗಿದು, ಜಡೆಗಟ್ಟಿತು. ಹೆಣೆದ ಜಡೆಯಲ್ಲ, ಬಾಚಣಿಗೆ ಹೋಗದಂತೆ ಹಗ್ಗವಾಗಿ ಗಂಟುಬಿದ್ದ ಜಡೆ. ನಮ್ಮ ಕಡೆ ಅದಕ್ಕೆ ಅರ್ಥ ಒಂದೇ: ಗುಡ್ಡದ ದೇವಿ, ಅಮ್ಮ, ತಲೆಗೆ ಬಂದಿದ್ದಾಳೆ, ಹುಡುಗಿಯನ್ನು ತನಗೆ ಬೇಕೆಂದು ಕೇಳುತ್ತಿದ್ದಾಳೆ. ಹಿರಿಯರು ಕೂಡಿ ನಿಂಗವ್ವನ ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿ ದೇವಿಗೆ ಬಿಟ್ಟರು. ಅಲ್ಲಿಂದ ಅವಳು ಯಾರ ಮಗಳೂ ಅಲ್ಲ, ಯಾರ ಹೆಂಡತಿಯೂ ಆಗುವಂತಿಲ್ಲ. ಬುಟ್ಟಿ ಹೊತ್ತು ಮನೆಮನೆ ಜೋಗ ಬೇಡಿದಳು, ಊರ ಗಂಡಸರ ಬಾಯಿಗೆ ಬಿದ್ದಳು, ವಯಸ್ಸು ಇರುವಾಗಲೇ ಯಾವುದೋ ಊರಿನ ಯಾರದೋ ಕಟ್ಟೆಯ ಮೇಲೆ ಸತ್ತಳು. ಪಾರ್ವತಿಬಾಯಿ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಸತ್ಯಭಾಮಾ ಮದುವಣಗಿತ್ತಿಯಾಗಿ ಬಂದ ಮರುದಿನ ಅವಳ ತಲೆ ಬಾಚುತ್ತ, "ನಮ್ಮ ಮನಿತನಕ್ಕ ಅಮ್ಮ ಒಮ್ಮೆ ಬಂದಾಳ. ಮತ್ತ ಬಂದ ಬರ್ತಾಳ" ಎಂದಿದ್ದರಂತೆ.

"ನನಗ ಬಂದ್ರ ಹೆಂಗೋ ತಡಕೋತೀನ್ರಿ ಅಕ್ಕಾ," ಎಂದಳು ಸತ್ಯಭಾಮಾ. "ಲಹರಿಗೆ ಬಂದ್ರ?"

ಈ ಕಾಲದಲ್ಲಿ ಇದೆಂಥ ಭಯ ಎಂದು ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಬಟಾಣಿಯ ಹಂಗಾಮು ಚಳಿಗಾಲದಲ್ಲಿ. ಆ ವರ್ಷ ಓವರ್‌ಟೈಮ್ ಮೇಲೆ ಓವರ್‌ಟೈಮ್. ಟೊಪ್ಪಿಗೆಯ ಒಳಗಿನ ರೇಷ್ಮೆ ಕತ್ತಿನ ಹತ್ತಿರ ಹರಿದುಹೋಗಿತ್ತು, ಹೊಲಿಯಲು ಪುರಸೊತ್ತಿರಲಿಲ್ಲ. ಬೆವರಿ ಒಳಗೆ ಹೋಗುವುದು, ಹೆಪ್ಪುಗಟ್ಟಿ ಹೊರಗೆ ಬರುವುದು, ಮನೆಗೆ ಬಂದು ಟೊಪ್ಪಿಗೆಯಲ್ಲೇ ಬಿದ್ದು ನಿದ್ದೆಹೋಗುವುದು. ಒಂದು ಬೆಳಿಗ್ಗೆ ಬಾಚಣಿಗೆ ಹಿಂದುಗಡೆ, ಟೊಪ್ಪಿಗೆಯ ಅಂಚು ಉಜ್ಜುವ ಜಾಗದಲ್ಲಿ, ತಟ್ಟನೆ ನಿಂತಿತು. ಹುಣಸೆ ಬೀಜದಷ್ಟು ಗಂಟು. ಜಗ್ಗಿದಳು, ಬಾಚಣಿಗೆಯ ಹಲ್ಲು ಮುರಿಯಿತು. ಕೈಕಾಲು ತಣ್ಣಗಾಗಿ ಅಲ್ಲೇ ಕೂತುಬಿಟ್ಟಳಂತೆ. ಅಮ್ಮನದಾಗಿದ್ದರೆ ಜಗ್ಗಿ ಹರಿದರೂ ತಪ್ಪು. ಅಂದಿನಿಂದ ಆ ಜಾಗಕ್ಕೆ ಬಾಚಣಿಗೆ ತಾಗಿಸಲಿಲ್ಲ. ಕರಗಲಿ ಎಂದು ಎಣ್ಣೆ ಮಾತ್ರ ಸುರಿದಳು. ಎಣ್ಣೆ ಆ ಥಂಡಿಯಲ್ಲಿ ಗಂಟನ್ನು ಇನ್ನಷ್ಟು ಬಿಗಿ ಮಾಡಿತು.

ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ, ಬಿಸಿಲು ನೆತ್ತಿ ಸುಡುವಾಗ, ಅವಳು ಮಾಳಿಗೆಯ ಮೇಲೆ ಅದೇ ಕೆಂಪು ಟೊಪ್ಪಿಗೆ ಹಾಕಿಕೊಂಡು ಬಟ್ಟೆ ಒಣಹಾಕುವುದು ಕಂಡಿತು.

"ಏ ಸತ್ಯವ್ವಾ, ತಲಿ ನೆಟ್ಟಗೈತೇನು? ಮನ್ಯಾಗೂ ಯಾಕದು?" ಎಂದು ಕೂಗಿದೆ.

"ತಲಿ ನೋಯಾಕತ್ತೈತ್ರಿ ಅಕ್ಕಾ," ಎಂದು ನಗಲು ನೋಡಿ, ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಮನೆಯಲ್ಲೇ ಕೂದಲಿಗೆ ಬಣ್ಣ ಹಚ್ಚಿಕೊಂಡು ಕೆಡಿಸಿಕೊಂಡಿರಬೇಕು, ನನ್ನ ಹತ್ತಿರ ಬರಲು ನಾಚಿಕೆ ಎಂದುಕೊಂಡೆ. ಮನಸ್ಸಿನಲ್ಲೇ ಒಂದಿಷ್ಟು ಬೈದೆ ಕೂಡ.

ಮುಂದಿನ ವಾರ ಒಂದು ಮಧ್ಯಾಹ್ನ ಮೇಲಿನಿಂದ ಧಡ್ ಎಂದು ಸಪ್ಪಳವಾಯಿತು, ಹಿಂದೆಯೇ ಪಾರ್ವತಿಬಾಯಿಯ ಕೂಗು. ಗಿರಾಕಿಯ ಮುಖಕ್ಕೆ ಹಚ್ಚಿದ್ದನ್ನು ಹಾಗೇ ಬಿಟ್ಟು ಓಡಿದೆ. ಸೆಕೆಗೆ ತಲೆತಿರುಗಿ ಸತ್ಯಭಾಮಾ ಅಡುಗೆಮನೆಯಲ್ಲಿ ಬಿದ್ದಿದ್ದಳು. ನೀರು ತಟ್ಟಲೆಂದು ಅತ್ತೆ ಟೊಪ್ಪಿಗೆ ಕಿತ್ತಿದ್ದರು. ಕತ್ತಿನ ಮೇಲೆ ಜಡೆಗಟ್ಟಿದ ಕೂದಲು ಬಿದ್ದಿತ್ತು. ಗೇಣುದ್ದ, ಹೆಬ್ಬೆರಳ ದಪ್ಪ, ಕಟ್ಟಿಗೆಯಂತೆ ಬಿರುಸು.

ಸೊಸೆಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಪಾರ್ವತಿಬಾಯಿ ದೇವರ ಮುಂದಿನ ಭಂಡಾರ ತಂದು ಆ ಜಡೆಗೆ ಹಚ್ಚಿ, ಎರಡೂ ಕೈ ಮುಗಿದರು. "ಬಂದ್ಯಾ ನನ್ನವ್ವಾ! ನಿಂಗಿ ತಲಿಮ್ಯಾಲಿಂದ ಇಲ್ಲಿಗೆ ಬಂದ್ಯಾ!"

ಆ ಮಾತಿಗೆ ಸತ್ಯಭಾಮಾ ಕಣ್ಣು ಬಿಟ್ಟಳು. ಕೈ ತಲೆಗೆ ಹೋಯಿತು, ಟೊಪ್ಪಿಗೆ ಇಲ್ಲ. ಬೆರಳಿಗೆ ಅರಿಶಿನ ಹತ್ತಿತು. ಅವಳ ಮುಖದಲ್ಲಿ ಆಗ ಕಂಡ ಭಯವನ್ನು ನಾನು ಅಲ್ಲಿಯವರೆಗೆ ಇನ್ನಾರ ಮುಖದಲ್ಲೂ ನೋಡಿರಲಿಲ್ಲ.

ಊರಿಗೆ ಫೋನು ಹೋಯಿತು. ಬರುವ ಹುಣ್ಣಿಮೆಗೆ ಗುಡ್ಡಕ್ಕೆ ಕರೆದುಕೊಂಡು ಬಂದು ಮುತ್ತು ಕಟ್ಟಿಸಬೇಕು ಎಂದು ಯಾರೋ ಹಿರಿಯರು ಅಲ್ಲಿಂದ ಹೇಳಿದರು. ಕೆಲಸ ಅವತ್ತೇ ಬಂದ್. ಅಮ್ಮ ಕೂತ ತಲೆಯ ಮೇಲೆ ಟೊಪ್ಪಿಗೆ ಹೇರಬಾರದು. ಗಂಡನ ಜೊತೆ ಒಂದೇ ಹಾಸಿಗೆ ಇಲ್ಲ. ಮಂಗಳವಾರ, ಶುಕ್ರವಾರ ಜೋಗಕ್ಕೆ ಹೋಗಬೇಕು. ಗಂಡ ಚಂದ್ರಕಾಂತ ಶಂಶಾಬಾದಿನ ಏರ್‌ಪೋರ್ಟಿಗೆ ಸರಕಿನ ವ್ಯಾನ್ ಓಡಿಸುವವನು, ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗುವ ಗಂಡಸು. ತಾಯಿಯ ಮುಂದೆ ಮಾತ್ರ ಮೊಬೈಲಿಗೆ ಮುಖ ಹಾಕಿ ಕೂತುಬಿಟ್ಟ.

ನನಗೆ ಮೈ ಉರಿಯಿತು. "ಕಾಕು, ಹಿಂಗ ಮುತ್ತು ಕಟ್ಟೂದು ಕಾಯದೆ ಪ್ರಕಾರ ಗುನ್ನೆ ಐತಿ. ಪೊಲೀಸರಿಗೆ ಹೇಳ್ತೀನಿ ನೋಡ್ರಿ," ಎಂದೆ.

"ಹೇಳವಾ. ಪೊಲೀಸರು ಬಂದು ಅಮ್ಮನ ಕೈಗೆ ಬೇಡಿ ಹಾಕ್ತಾರೇನು?" ಎಂದು ಪಾರ್ವತಿಬಾಯಿ ತಣ್ಣಗೆ ಕೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ನೀ ಒಲ್ಲೆಂದ್ರ ನನ್ನದೇನೂ ಇಲ್ಲ. ಆಕಿ ಬಿಡೂದಿಲ್ಲ. ಲಹರಿ ತಲಿಗೆ ಬರ್ತಾಳ."

ಲಹರಿ ಬಾಗಿಲ ಹತ್ತಿರ ಶಾಲೆಯ ಚೀಲ ಹಿಡಿದು ನಿಂತಿತ್ತು. ಚೀಲ ಕೆಳಗೆ ಬಿಟ್ಟು ಎರಡೂ ಕೈಯಲ್ಲಿ ತನ್ನ ತಲೆ ಒತ್ತಿಹಿಡಿದುಕೊಂಡಿತು.

ಮರುದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಸತ್ಯಭಾಮಾ ಬಂದು ಶಟರ್ ಅರ್ಧ ಎಳೆದಳು. ಕುರ್ಚಿಯಲ್ಲಿ ಕೂತು ನನಗೆ ಬೆನ್ನು ಮಾಡಿದಳು. "ಕತ್ತರಿಸಿಬಿಡ್ರಿ."

ಕತ್ತರಿ ಕೈಗೆತ್ತಿಕೊಂಡೆ. ನಾನು ಇದನ್ನೆಲ್ಲ ನಂಬುವವಳಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗುವವಳು. ಆದರೆ ಚಿಕ್ಕವಳಿದ್ದಾಗ ನನಗೂ ಹೇಳಿದ್ದರಲ್ಲ: ಜಡೆಗೆ ಕತ್ತರಿ ಹಾಕಿದರೆ ರಕ್ತ ಬರುತ್ತದೆ, ಹಾಕಿದ ಕೈ ಬೀಳುತ್ತದೆ, ಆ ಮನೆಯಲ್ಲಿ ಒಂದು ಹೆಣ ಏಳುತ್ತದೆ. ಕತ್ತರಿಯ ಬಾಯಿ ತೆರೆದು ಜಡೆಯ ಬುಡಕ್ಕೆ ಇಟ್ಟೆ. ಮುಚ್ಚಲು ಆಗಲಿಲ್ಲ. ಕನ್ನಡಿಯಲ್ಲಿ ಅವಳು ನನ್ನ ಮುಖ ನೋಡಿದಳು. ಹೆದರಿದವಳು ಇನ್ನೊಬ್ಬ ಹೆದರಿದವಳನ್ನು ಕಂಡರೆ ಏನಾಗಬೇಕೋ ಅದಾಯಿತು, ತಟ್ಟನೆ ಎದ್ದುಬಿಟ್ಟಳು.

"ಬ್ಯಾಡ್ರಿ, ಬ್ಯಾಡ್ರಿ ಅಕ್ಕಾ. ನಾ ಸತ್ರ ಸಾಯ್ಲಿ, ಲಹರಿಗೇನರ ಆದ್ರ?"

ನನ್ನ ಮೇಲೆ ನನಗೇ ಅಸಹ್ಯವಾಯಿತು. ಕತ್ತರಿಯನ್ನು ಡ್ರಾಯರಿಗೆ ಎಸೆದೆ. ಆ ಸಿಟ್ಟಿನಲ್ಲೇ ಒಂದು ಮಾತು ಹೊಳೆಯಿತು. "ಕತ್ತರಿಸಬಾರದು ಅಂತಾರ, ಖರೆ. ಬಿಡಿಸಬಾರದು ಅಂತ ಯಾರ ಹೇಳ್ಯಾರ? ಅಮ್ಮನ ಜಡಿ ಬಿಚ್ಚಿದ್ರ ಬಿಚ್ಚೂದಿಲ್ಲ ಅಂತ ನಿಮ್ಮತ್ತಿನ ಹೇಳ್ತಾರಲ್ಲ. ಬಿಚ್ಚಿತಂದ್ರ ಅದು ಅಮ್ಮಂದಲ್ಲ."

"ಬಿಚ್ಚಲಿಲ್ಲಂದ್ರ?"

ಅವಳು ಕಾಲಿನ ಉಂಗುರ ಮುಟ್ಟಿಕೊಂಡು ಮತ್ತೆ ಕೂತಳು. "ಇಲ್ಲಿ ಕದ್ದು ಬ್ಯಾಡ. ಅತ್ತಿ ಮುಂದನ ಆಗಲಿ. ಇಲ್ಲಂದ್ರ ನಾಳೆ ಕೂಸಿಗೆ ಒಂದ ಸೀನು ಬಂದ್ರೂ ಇದರ ಮ್ಯಾಲ ಹಾಕ್ತಾರ," ಎಂದಳು.

ಪಾರ್ವತಿಬಾಯಿ ಬೇಡವೆನ್ನಲಿಲ್ಲ. ಅದೇ ನನಗೆ ಇನ್ನೂ ಹೆಚ್ಚಿನ ಹೆದರಿಕೆ ತಂದಿತು. "ಬಿಚ್ಚಿ ನೋಡ್ರಿ. ಕೈಸೋತು ನೀವ ಅಮ್ಮನ ಕಾಲಿಗೆ ಬೀಳ್ತೀರಿ," ಎಂದರು.

ಭಾನುವಾರ ಬೆಳಿಗ್ಗೆ ಅವರು ದೀಪ ಹಚ್ಚಿ, ಗೋಡೆಗೆ ಒರಗಿ ಕೂತರು. ನಾನು ಪಡಸಾಲೆಯಲ್ಲಿ ಚಾಪೆ ಹಾಸಿ ಶುರುಮಾಡಿದೆ. ಬೆಚ್ಚಗಿನ ಎಣ್ಣೆ ಹನಿಸಿ ಹನಿಸಿ ಗಟ್ಟಿಯಾಗಿದ್ದ ಹಳೆಯ ಎಣ್ಣೆ ಕರಗಿಸಿದೆ. ಕಂಡೀಷನರ್ ಸವರಿದೆ. ಬುಡಕ್ಕೆ ಕೈ ಹಾಕದೆ ತುದಿಯಿಂದ, ಸ್ವೆಟರ್ ಹೆಣೆಯುವ ಕಡ್ಡಿಯಿಂದ, ಒಂದೊಂದೇ ಎಳೆ ಹೊರಗೆಳೆಯತೊಡಗಿದೆ. ಮೊದಲ ಗಂಟೆ ಏನೂ ಆಗಲಿಲ್ಲ. ಎಳೆದ ಕಡೆ ಬಿಗಿ, ಬಿಟ್ಟ ಕಡೆ ಇನ್ನೂ ಬಿಗಿ. ಪಾರ್ವತಿಬಾಯಿ ನೋಡುತ್ತಿದ್ದರು. ನಿಜವಾಗಿಯೂ ಬಿಚ್ಚದಿದ್ದರೆ? ಇವಳನ್ನು ನಾನೇ ನನ್ನ ಕೈಯಾರೆ ಗುಡ್ಡಕ್ಕೆ ಕಳಿಸಿದಂತಾಗುವುದಿಲ್ಲವೇ? ಆ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಅವಸರದಲ್ಲಿ ಜೋರಾಗಿ ಎಳೆಯತೊಡಗಿದೆ.

ಎಣ್ಣೆಗೆ ಕಡ್ಡಿ ಜಾರಿ ಕತ್ತಿಗೆ ಚುಚ್ಚಿತು. ಒಂದು ಹನಿ ರಕ್ತ ಕೂದಲಗುಂಟ ಇಳಿದು ನನ್ನ ಹೆಬ್ಬೆರಳಿಗೆ ಹತ್ತಿತು.

"ನೆತ್ತರ!" ಎಂದು ಪಾರ್ವತಿಬಾಯಿ ಎದ್ದುನಿಂತರು. ಚಂದ್ರಕಾಂತ ಮೊಬೈಲು ಬಿಟ್ಟು ಗೋಡೆಗೆ ಅಂಟಿಕೊಂಡ. ಲಹರಿ ಕಿರುಚಿ ತಾಯಿಯ ಮಡಿಲಿಗೆ ಬಿದ್ದಿತು. ನಾನು ಕಡ್ಡಿ ಕೆಳಗಿಟ್ಟೆ. ಇನ್ನು ನನ್ನಿಂದಾಗದು ಎಂದು ಎದ್ದೇಬಿಡುತ್ತಿದ್ದೆ. ಕಡ್ಡಿ ತಾಗಿದ್ದು, ಅದಕ್ಕೆ ಚರ್ಮ ಹರಿದದ್ದು ನನಗೆ ಗೊತ್ತು. ಗೊತ್ತಿದ್ದೂ ಹೆದರಿದೆ.

ಸತ್ಯಭಾಮಾ ತಿರುಗಲಿಲ್ಲ. ಮಗಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ನಿಲ್ಲಸಬ್ಯಾಡ್ರಿ ಅಕ್ಕಾ. ಚುಚ್ಚಿದ್ದು ನನಗ ಗೊತ್ತಾತು. ಬಿಡಸ್ರಿ."

ಅವಳು ನನ್ನಷ್ಟೇ ಅಲ್ಲ, ನನಗಿಂತ ನೂರು ಪಾಲು ಹೆದರಿದ್ದಳು. ಆದರೂ ಕೂತಳು. ನಾನು ಮತ್ತೆ ಕಡ್ಡಿ ಹಿಡಿದೆ.

ಊಟದ ಹೊತ್ತು ಮೀರಿತು. ಯಾರಿಗೂ ಹಸಿವಿರಲಿಲ್ಲ. ಒಂದು ಎಳೆ ಸಡಿಲವಾಯಿತು, ಅದರ ಹಿಂದೆ ಇನ್ನೊಂದು. ಅರ್ಧ ಜಡೆ ಬೇರೆ ಬೇರೆಯಾಗಿ ನನ್ನ ಅಂಗೈಯಲ್ಲಿ ಹರವಿಕೊಂಡಾಗ ಒಳಗೆ ಏನೋ ಮೆತ್ತನೆಯದು ಕಡ್ಡಿಗೆ ಸಿಕ್ಕಿತು. ಮೆಲ್ಲಗೆ ಹೊರಗೆಳೆದೆ. ಕೆಂಪು ಉಣ್ಣೆ. ಟೊಪ್ಪಿಗೆಯಿಂದ ಉದುರಿದ ಜುಂಗು, ಎಣ್ಣೆಯಲ್ಲಿ ಅದ್ದಿ ಹಿಂಡಿ ಉಂಡೆಯಾಗಿತ್ತು. ಆ ಉಂಡೆಗೇ ಕೂದಲೆಲ್ಲ ಸುತ್ತಿಕೊಂಡಿತ್ತು. ಅದು ಹೊರಬಂದ ಮೇಲೆ ಉಳಿದದ್ದು ತಾನಾಗಿ ಬಿಚ್ಚಿತು. ದೊಡ್ಡ ಹಲ್ಲಿನ ಬಾಚಣಿಗೆ ಬುಡದಿಂದ ತುದಿಯವರೆಗೆ ಎಲ್ಲೂ ನಿಲ್ಲದೆ ಹೋಯಿತು. ಸತ್ಯಭಾಮಾ ಬಾಚಣಿಗೆ ಹೋದದ್ದು ತಿಳಿದು, "ಇನ್ನೊಮ್ಮೆ ಬಾಚ್ರಿ" ಎಂದಳು. ಇನ್ನೊಮ್ಮೆ ಬಾಚಿದೆ. ಅವಳು ಮಗಳನ್ನು ಅವುಚಿಕೊಂಡು ಬಿಕ್ಕತೊಡಗಿದಳು.

ನಾನು ಗೆದ್ದ ಹಮ್ಮಿನಲ್ಲಿ ಆ ಕೆಂಪು ಉಂಡೆಯನ್ನು ಪಾರ್ವತಿಬಾಯಿಯ ಮುಂದೆ ಹಿಡಿದೆ. "ನೋಡ್ರಿ ಕಾಕು, ನಿಮ್ಮ ಅಮ್ಮ. ಟೊಪಗಿ ಉಣ್ಣಿ."

ಅವರು ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಉಂಡೆಯನ್ನು ತೆಗೆದುಕೊಂಡು ಬೆರಳಲ್ಲಿ ಹಿಂಜಿದರು, ಮೂಸಿದರು, ಬೆಳಕಿಗೆ ಹಿಡಿದರು. ಅವರ ಮುಖದ ಬಣ್ಣ ಇಳಿಯತೊಡಗಿತು. ಈವರೆಗೆ ಆ ಮನೆಯಲ್ಲಿ ಹೆದರದೆ ಇದ್ದವರು ಅವರೊಬ್ಬರೇ. ಈಗ ಅವರ ಕಣ್ಣಲ್ಲೂ ಅದೇ ಭಯ ಕಂಡಿತು.

"ನಿಂಗಿ ಜಡ್ಯಾಗೂ ಇಂಥಾದ ಉಂಡಿ ಇತ್ತು," ಎಂದರು ಮೆಲ್ಲಗೆ. "ಕರೀದು. ನಾ ಸಣ್ಣಾಕಿ, ಆಕಿ ಮಗ್ಗಲದಾಗ ಮಲಗತಿದ್ದೆ, ನನಗ ಕಾಣತಿತ್ತು. ಕೇಳಿದ್ದಕ್ಕ, ಅದು ಅಮ್ಮನ ಸ್ವಂತ ಕೂದಲ, ಮುಟ್ಟಬ್ಯಾಡ ಅಂದ್ರು."

ಅಂಗೈಯಲ್ಲಿನ ಉಂಡೆಯನ್ನು ಇನ್ನಷ್ಟು ಹಿಂಜಿದರು.

"ಆಕಿಗೆ ಆಗ ವಿಷಮಜ್ವರ ಬಂದಿತ್ತು. ಇಡೀ ಮಳಿಗಾಲ ಕರೀ ಕಂಬಳಿ ತಲಿತುಂಬ ಹೊದ್ದು ಮಲಗಿದ್ಲು. ಅವ್ವ ಹೊಲಕ್ಕ ಹೋಗಾಕಿ. ಯಾರೂ ಬಾಚಲಿಲ್ಲ." ಅವರು ನನ್ನ ಮೊಣಕೈ ಹಿಡಿದುಕೊಂಡರು. "ಎಣ್ಣಿ ಹಚ್ಚಿ ಕುಂತಿದ್ರ ಆಕಿದೂ ಬಿಚ್ಚತಿತ್ತೇನು, ಅನುರಾಧಾ? ಖರೆ ಹೇಳು."

ಎಲ್ಲದಕ್ಕೂ ಬಾಯಿ ಹಾಕುವ ನಾನು ಬಾಚಣಿಗೆಗೆ ಹತ್ತಿದ ಕೂದಲು ಬಿಡಿಸತೊಡಗಿದೆ. ಅವರು ಸೊಸೆಯ ಕಡೆ ನೋಡಿದರು. ಸತ್ಯಭಾಮಾ ಕಣ್ಣೊರೆಸಿಕೊಂಡು, ಅತ್ತೆಯ ಮುಖ ನೋಡದೆ, "ಬಿಚ್ಚತಿತ್ರಿ ಅತ್ತಿ" ಎಂದಳು.

ಪಾರ್ವತಿಬಾಯಿ ಗೋಡೆ ಹಿಡಿದು ಕುಸಿದು ಕೂತರು. "ನಿಂಗೀ, ನನ್ನಕ್ಕಾ" ಎಂದು, ಮನೆಯೊಳಗೆ ಈಗಷ್ಟೇ ಹೆಣ ಬಂದಿದೆಯೋ ಎಂಬಂತೆ ಎದೆ ಬಡಿದುಕೊಂಡು ಅಳತೊಡಗಿದರು.